ಬಿಲ್ಲು ಆಮೇಲೆ ಕೊಳ್ಳಿ: ಮಕ್ಕಳ ಆರ್ಚರಿ, ಮೊದಲ ದಿನದಿಂದ ಮೊದಲ ಸ್ಪರ್ಧೆವರೆಗೆ

ಮಗ ಅಥವಾ ಮಗಳು ‘ಆರ್ಚರಿ ಕಲೀತೀನಿ’ ಅಂದ ತಕ್ಷಣ ಅಪ್ಪ ಅಮ್ಮ ಮಾಡುವ ಮೊದಲ ಕೆಲಸ ಮೊಬೈಲ್‌ನಲ್ಲಿ ಬಿಲ್ಲಿನ ಬೆಲೆ ಹುಡುಕುವುದು. ದಯವಿಟ್ಟು ಅದನ್ನು ಈಗಲೇ ಮಾಡಬೇಡಿ. ಈ ಆಟದಲ್ಲಿ ದುಡ್ಡು ಪೋಲಾಗುವುದೂ ಅಲ್ಲೇ, ಮಕ್ಕಳ ಭುಜಕ್ಕೆ ಪೆಟ್ಟಾಗುವುದೂ ಅಲ್ಲೇ.

ಮಕ್ಕಳಿಗೆ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮಹಾರಾಷ್ಟ್ರದ ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ 18ರ ಒಳಗಿನವರ ವಿಶ್ವ ಚಾಂಪಿಯನ್ ಆದಳು. ಅದೇ ವರ್ಷದ ಆಗಸ್ಟ್‌ನಲ್ಲಿ ಬರ್ಲಿನ್‌ಗೆ ಹೋಗಿ ದೊಡ್ಡವರ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಗೆದ್ದಳು. ಆಗ ಅವಳಿಗೆ 17 ವರ್ಷ. ಜಾರ್ಖಂಡಿನ ಕೋಮಲಿಕಾ ಬಾರಿ 2019ರಲ್ಲಿ ಕೆಡೆಟ್ (18ರ ಒಳಗಿನವರ), 2021ರಲ್ಲಿ ಜೂನಿಯರ್ (21ರ ಒಳಗಿನವರ) ವಿಶ್ವ ಪ್ರಶಸ್ತಿ ಗೆದ್ದಳು. ಇವರಿಗೆಲ್ಲ ದಾರಿ ತೋರಿದವರು ರಾಂಚಿಯ ಆಟೊ ಚಾಲಕರ ಮಗಳು ದೀಪಿಕಾ ಕುಮಾರಿ. 2009ರಲ್ಲಿ ಕೆಡೆಟ್ ವಿಶ್ವ ಚಾಂಪಿಯನ್ ಆದ ಅವರು ಮರುವರ್ಷ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ಈ ಮೂವರ ಹಿಂದೆಯೂ ದಿನಾ ಹೋಗಿ ನಿಲ್ಲಲು ಒಂದು ಅಂಗಳ, ನಿಂತದ್ದನ್ನು ತಿದ್ದಲು ಒಬ್ಬ ಕೋಚ್ ಇದ್ದರು. ಹುಡುಕಬೇಕಾದ್ದು ಮೊದಲು ಅದನ್ನು.

ಹೆಜ್ಜೆ 1: ಕ್ಲಬ್ ಹುಡುಕಿ, ಸುಮ್ನೆ ನಿಂತು ನೋಡಿ

ನಮ್ಮಲ್ಲಿ ಪ್ರತಿ ಊರಲ್ಲೂ ಆರ್ಚರಿ ಕ್ಲಬ್ ಇಲ್ಲ. ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ, ಶಾಲೆಯ ದೈಹಿಕ ಶಿಕ್ಷಕರ ಹತ್ತಿರ ವಿಚಾರಿಸಿ. ಕ್ಲಬ್ ಸಿಕ್ಕಿದರೆ ಸೇರಿಸುವ ಮೊದಲು ಒಂದು ಸಂಜೆ ಹೋಗಿ ನೋಡಿ. ಬಾಣ ನಾಟುವ ಬಟ್ರೆಸ್‌ನ ಹಿಂದೆ ಬಲೆಯೋ ಮಣ್ಣಿನ ದಿಬ್ಬವೋ ಇದೆಯಾ? ಎಲ್ಲರೂ ಒಂದೇ ಗೆರೆಯ ಮೇಲೆ ನಿಂತು ಬಾಣ ಬಿಡುತ್ತಾರಾ? ಬಾಣ ತರಲು ಎಲ್ಲರೂ ಒಟ್ಟಿಗೇ ಹೋಗುತ್ತಾರಾ? ಒಬ್ಬ ಬಾಣ ಬಿಡುತ್ತಿರುವಾಗ ಇನ್ನೊಬ್ಬ ಗುರಿಯ ಬಳಿ ಓಡಾಡುತ್ತಿದ್ದರೆ ಅಲ್ಲಿಂದ ಹೊರಟುಬಿಡಿ. ಗೋಡೆಯ ಮೇಲೆ ಎಷ್ಟು ಪದಕ ತೂಗಿದ್ದರೂ ಸರಿ.

ಸೀಟಿಯ ಭಾಷೆ ಮೊದಲ ದಿನವೇ ಕಲಿಸಬೇಕು. ಎರಡು ಸೀಟಿ ಅಂದರೆ ಗೆರೆಗೆ ಬನ್ನಿ. ಒಂದು ಅಂದರೆ ಶುರು ಮಾಡಿ. ಮೂರು ಅಂದರೆ ಮುಗಿಯಿತು, ಬಾಣ ತನ್ನಿ. ಐದು ಅಥವಾ ಅದಕ್ಕಿಂತ ಜಾಸ್ತಿ ಕೇಳಿದರೆ ಅಪಾಯ, ತಕ್ಷಣ ನಿಲ್ಲಿಸಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು ಎನ್ನುವುದೂ ಮೊದಲ ದಿನದ ಪಾಠವೇ. ಹಾಗೆ ಬಿಟ್ಟರೆ ಆ ಬಲವೆಲ್ಲ ಬಿಲ್ಲಿನ ಮೇಲೇ ತಿರುಗಿ, ಅದು ಸೀಳಿಹೋಗಬಹುದು.

ಹೆಜ್ಜೆ 2: ಯಾವ ಕಣ್ಣು ಮುಂದು?

ಇದನ್ನು ಮನೆಯಲ್ಲೇ ನೋಡಬಹುದು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ. ಆ ಕಿಂಡಿಯಲ್ಲಿ ಗೋಡೆ ಗಡಿಯಾರ ಕಾಣಬೇಕು. ಈಗ ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಜಾಗ ಬಿಟ್ಟು ಕದಲುವುದಿಲ್ಲವೋ ಅದು ಮಗುವಿನ ಮುಂದಾಳು ಕಣ್ಣು. ಬಲಗಣ್ಣಾದರೆ ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಹೆದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಣ್ಣು ಮುಂದಿರುವುದೂ ಉಂಟು. ಆಗ ಕೋಚ್ ಜೊತೆ ಮಾತಾಡಿ ಶುರುವಿನಲ್ಲೇ ತೀರ್ಮಾನ ಮಾಡಿ.

ಹೆಜ್ಜೆ 3: ಮೂರರಲ್ಲಿ ಒಂದು ದಾರಿ

ಇಂಡಿಯನ್ ರೌಂಡ್‌ನಲ್ಲಿ ಬಿದಿರು ಅಥವಾ ಮರದ ಬಿಲ್ಲು, ಗುರಿ ಹಿಡಿಯಲು ಸೈಟ್ ಇಲ್ಲ. ಖರ್ಚು ಕಡಿಮೆ. ಹಳ್ಳಿ ಶಾಲೆಗಳ ಮಕ್ಕಳಿಗೆ ಒಳ್ಳೆಯ ಬಾಗಿಲು. ಆದರೆ ಇದರ ಸ್ಪರ್ಧೆಗಳು ನಮ್ಮ ದೇಶದೊಳಗೇ ಮುಗಿಯುತ್ತವೆ.

ರಿಕರ್ವ್ ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲು. ಒಲಿಂಪಿಕ್ಸ್‌ನಲ್ಲಿ ನಾವು ನೋಡುವುದು ಇದನ್ನೇ. ಕಾಂಪೌಂಡ್ ಬಿಲ್ಲಿಗೆ ತುದಿಯಲ್ಲಿ ಚಕ್ರಗಳಿವೆ. ಪೂರ್ತಿ ಎಳೆದ ಮೇಲೆ ಭಾರ ಬಹಳಷ್ಟು ಇಳಿಯುವುದರಿಂದ ಸಮಾಧಾನದಿಂದ ಗುರಿ ಹಿಡಿಯಬಹುದು. ಅದಿತಿ ಗೆದ್ದದ್ದು ಕಾಂಪೌಂಡ್‌ನಲ್ಲಿ. ಜಮ್ಮುವಿನ ಕಿಷ್ತ್‌ವಾಡದ ಶೀತಲ್ ದೇವಿಯದೂ ಅದೇ. ಹುಟ್ಟಿನಿಂದ ತೋಳುಗಳಿಲ್ಲದ ಆಕೆ ಕಾಲಲ್ಲಿ ಬಿಲ್ಲು ಹಿಡಿದು, ಭುಜದ ಬಲದಲ್ಲಿ ಎಳೆದು, 17ನೇ ವಯಸ್ಸಿಗೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಕಂಚು ಗೆದ್ದಳು. ‘ನಮ್ಮ ಮಗುವಿಗೆ ಇದು ಆಗಲ್ಲ’ ಎನ್ನುವ ಪಾಲಕರು ಆಕೆಯ ವಿಡಿಯೊ ಒಮ್ಮೆ ನೋಡಬೇಕು.

ಕಾಂಪೌಂಡ್ ಒಲಿಂಪಿಕ್ಸ್‌ನಲ್ಲಿ ಇಲ್ಲ ಎನ್ನುವ ಕೊರಗು ಇತ್ತು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕಾಂಪೌಂಡ್ ಮಿಶ್ರ ತಂಡ ಸೇರಿದೆ. ಹಾಗಿದ್ದರೂ ನನ್ನ ಮಟ್ಟಿಗೆ, ಚಿಕ್ಕ ಮಕ್ಕಳು ಹಗುರ ರಿಕರ್ವ್‌ನಲ್ಲಿ ಶುರು ಮಾಡುವುದೇ ವಾಸಿ. ನಿಲುವು, ಎಳೆತ, ಬಿಡುವುದು ಮೂರೂ ಅದರಲ್ಲಿ ಅಡಗಿಕೊಳ್ಳಲು ಜಾಗವಿಲ್ಲದೆ ಕಾಣುತ್ತವೆ.

ಹೆಜ್ಜೆ 4: ಗುರಿ ಇಲ್ಲದ ದಿನಗಳು

ಪಾಲಕರ ತಾಳ್ಮೆ ಕೆಡುವುದು ಈ ಹಂತದಲ್ಲಿ. ಮಗು ಕ್ಲಬ್‌ಗೆ ಹೋಗಿ ರಬ್ಬರ್ ಬ್ಯಾಂಡ್ ಎಳೆಯುತ್ತಾ ನಿಂತಿರುತ್ತದೆ. ‘ಫೀಸ್ ಕಟ್ಟಿದ್ದು ಇದಕ್ಕಾ?’ ಅನ್ನಿಸುತ್ತದೆ. ಹೌದು, ಇದಕ್ಕೇ.

ಪಾದ ಭುಜದಷ್ಟು ಅಗಲ. ಬಿಲ್ಲು ಹಿಡಿದ ಕೈ ಬಿಗಿ ಇಲ್ಲ. ಭುಜ ಮೇಲೇಳಬಾರದು. ಹೆದೆಯನ್ನು ತೋಳಿನಿಂದ ಎಳೆಯುವುದಲ್ಲ, ಬೆನ್ನಿನಿಂದ ಎಳೆಯುವುದು. ಎಳೆದ ಕೈ ಪ್ರತಿ ಸಲವೂ ಗದ್ದದ ಕೆಳಗೆ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಹೆದೆ ಮೂಗಿನ ತುದಿಗೆ, ಗದ್ದಕ್ಕೆ ತಾಗಬೇಕು. ಇದಕ್ಕೆ ಆ್ಯಂಕರ್ ಅನ್ನುತ್ತಾರೆ. ಇದು ಒಂದು ಕೂದಲೆಳೆ ಜಾರಿದರೂ ದೂರದ ಗುರಿಯಲ್ಲಿ ಬಾಣ ಬೇರೆ ಬಣ್ಣಕ್ಕೆ ಹೋಗುತ್ತದೆ.

ಆಮೇಲೆ 5 ಮೀಟರ್ ದೂರದಿಂದ ಬಾಣ. ಅದೂ ಬರೀ ಬಟ್ರೆಸ್‌ಗೆ, ಬಣ್ಣದ ಕಾಗದ ಇಲ್ಲದೆ. ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಂಡ ಕಥೆ ಹೇಳಿ ಬೆಳೆಸಿದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಗುರಿ ಕಂಡರೆ ಮಗುವಿನ ಗಮನವೆಲ್ಲ ಅಂಕದ ಮೇಲೆ ಹೋಗಿ ಮೈಯ ನಿಲುವು ಮರೆತುಹೋಗುತ್ತದೆ, ಅದಕ್ಕೇ ಹೀಗೆ. ಕಾಗದ ಹಾಕಿದ ಮೇಲೂ ‘ಎಷ್ಟು ಹತ್ತು ಬಂತು?’ ಎಂದು ಕೇಳಬೇಡಿ. ಗ್ರೂಪಿಂಗ್ ನೋಡಿ. ಆರೂ ಬಾಣ ಒಂದೇ ಕಡೆ ಒತ್ತಾಗಿ ನಾಟಿದ್ದರೆ, ಅದು ಕಡಿಮೆ ಅಂಕದ ಕಪ್ಪು ಬಣ್ಣದಲ್ಲಿದ್ದರೂ ಸಂತೋಷಪಡಿ.

ಹೆಜ್ಜೆ 5: ಈಗ ಬಿಲ್ಲಿನ ಮಾತು

ಬಿಲ್ಲಿನ ಎಳೆತವನ್ನು ಪೌಂಡ್‌ನಲ್ಲಿ ಅಳೆಯುತ್ತಾರೆ. 20 ಪೌಂಡ್ ಅಂದರೆ ಸುಮಾರು 9 ಕೆಜಿ. ಕಡಿಮೆ ಅನ್ನಿಸಿತಾ? ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 72 ಬಾಣ. ಲೆಕ್ಕ ಹಾಕಿದರೆ 650 ಕೆಜಿ ಹತ್ತಿರ. ಬೆಳೆಯುವ ಭುಜಕ್ಕೆ ಅದು ಸಣ್ಣದಲ್ಲ. ಹತ್ತು ಹನ್ನೆರಡು ವರ್ಷದ ಮಗುವಿಗೆ 12ರಿಂದ 18 ಪೌಂಡ್ ಸಾಕು. ಹೆಚ್ಚಿಸುವುದಾದರೆ ಒಮ್ಮೆಗೆ 2 ಪೌಂಡ್. ಪೂರ್ತಿ ಎಳೆದು ನಿಂತಾಗ ಕೈ ನಡುಗಿದರೆ ಬಿಲ್ಲು ಭಾರವಾಗಿದೆ ಎಂದೇ ಅರ್ಥ.

ಬಿಲ್ಲಿನ ನಡುವಿನ ಹಿಡಿಯ ಭಾಗ ರೈಸರ್, ಮೇಲೆ ಕೆಳಗಿನ ರೆಕ್ಕೆಗಳು ಲಿಂಬ್. ಲಿಂಬ್ ಬಿಚ್ಚಿ ಬದಲಿಸುವಂಥ, ಐಎಲ್‌ಎಫ್ (ಬೇರೆ ಬೇರೆ ಕಂಪನಿಯ ಲಿಂಬ್ ಕೂರುವ) ಜೋಡಣೆಯ ರೈಸರ್ ತೆಗೆದುಕೊಂಡರೆ ಮಗು ಬೆಳೆದಂತೆ ಲಿಂಬ್ ಮಾತ್ರ ಬದಲಿಸಬಹುದು. ದೊಡ್ಡ ಮಕ್ಕಳು ಬಿಟ್ಟ ಹಳೇ ಲಿಂಬ್ ಕ್ಲಬ್‌ನಲ್ಲೇ ಸಿಗುತ್ತವೆ, ಕೇಳಿ. ತಿರುಚಿದೆಯಾ, ಬಿರುಕಿದೆಯಾ ಎಂದು ಕೋಚ್ ನೋಡಲಿ. ಬಾಣ ಮಗುವಿನ ಎಳೆತಕ್ಕಿಂತ ಎರಡು ಮೂರು ಇಂಚು ಉದ್ದ ಇರಲಿ. ಗಿಡ್ಡ ಬಾಣ ಹಿಂದಕ್ಕೆ ಜಾರಿ ಕೈಗೆ ಚುಚ್ಚೀತು. ಬೆರಳಿಗೆ ಟ್ಯಾಬ್, ತೋಳಿಗೆ ಆರ್ಮ್ ಗಾರ್ಡ್ ಇಲ್ಲದೆ ಒಂದು ದಿನವೂ ಬೇಡ. ಲಕ್ಷ ದಾಟುವ ಸೆಟ್‌ಗಳ ಮಾತು ರಾಜ್ಯ ಮಟ್ಟಕ್ಕೆ ಹೋದಮೇಲೆ.

ಹೆಜ್ಜೆ 6: ಹೆಸರು ಕೊಡುವುದು

ಕ್ಲಬ್‌ನೊಳಗಿನ ಸ್ಪರ್ಧೆ ಮೊದಲು. ನಂತರ ಶಾಲಾ ಕ್ರೀಡಾಕೂಟ. ಅಲ್ಲಿ 14, 17, 19ರ ಒಳಗಿನವರ ವಿಭಾಗಗಳಿವೆ. ಇನ್ನೊಂದು ದಾರಿ ರಾಜ್ಯ ಸಂಘದ ಮೂಲಕ ಭಾರತೀಯ ಆರ್ಚರಿ ಸಂಸ್ಥೆಯ ರಾಷ್ಟ್ರೀಯ ಸ್ಪರ್ಧೆಗಳು. ಅಂತರರಾಷ್ಟ್ರೀಯ ವಿಭಾಗಗಳು 18 ಮತ್ತು 21ರ ಒಳಗಿನವರದು. ಅಲ್ಲಿ ಹುಟ್ಟಿದ ವರ್ಷವೇ ಲೆಕ್ಕ: 17 ತುಂಬುವ ವರ್ಷದ ಡಿಸೆಂಬರ್‌ವರೆಗೆ 18ರ ಒಳಗಿನ ವಿಭಾಗ. ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಹೆಸರು, ತಾರೀಕು ಒಂದೇ ಇದೆಯಾ ಎಂದು ಈಗಲೇ ನೋಡಿಕೊಳ್ಳಿ.

18ರ ಒಳಗಿನ ರಿಕರ್ವ್‌ಗೆ ದೂರ 60 ಮೀಟರ್, ಅದಕ್ಕಿಂತ ದೊಡ್ಡವರಿಗೆ 70. ಎರಡಕ್ಕೂ 122 ಸೆಂಟಿಮೀಟರ್ ಅಗಲದ ಗುರಿ. ಕಾಂಪೌಂಡ್‌ಗೆ 50 ಮೀಟರ್. ಇನ್ನೂ ಚಿಕ್ಕವರ ದೂರ ಕಡಿಮೆ, ಆಯಾ ಸ್ಪರ್ಧೆಯ ಸುತ್ತೋಲೆ ನೋಡಿ ಅಭ್ಯಾಸ ಮಾಡಿಸಿ.

ಹೆಜ್ಜೆ 7: ಸ್ಪರ್ಧೆಯ ದಿನ

ಬಾಣಗಳೆಲ್ಲ ಒಂದೇ ಥರ ಇರಬೇಕು, ಪ್ರತಿಯೊಂದರ ಮೇಲೂ ಮಗುವಿನ ಹೆಸರೋ ಇನಿಷಿಯಲ್ಲೋ ಬರೆದಿರಬೇಕು. ಬೇರೆ ಹೆದೆ, ಟೋಪಿ, ನೀರು, ಮಳೆಗೆ ಒಂದು ಟವೆಲ್ ಚೀಲದಲ್ಲಿರಲಿ.

ಅರ್ಹತಾ ಸುತ್ತು ಆರಾರು ಬಾಣಗಳ 12 ಸರದಿ, ಅಂದರೆ 12 ಎಂಡ್. ಪೂರ್ಣ ಅಂಕ 720. ಅಂಕ ಬರೆಯುವ ಮುನ್ನ ಯಾರೂ ಬಾಣ, ಗುರಿ ಮುಟ್ಟುವಂತಿಲ್ಲ. ಬಾಣ ಎರಡು ಬಣ್ಣದ ನಡುವಿನ ಗೆರೆಗೆ ತಾಗಿದ್ದರೆ ಹೆಚ್ಚಿನ ಅಂಕ ಸಿಗುತ್ತದೆ. ಗಾಬರಿಯಲ್ಲಿ 6ರ ಬದಲು 7 ಬಾಣ ಬಿಟ್ಟರೆ ಕಡಿಮೆ ಅಂಕದ 6 ಮಾತ್ರ ಲೆಕ್ಕಕ್ಕೆ. ಅಂಕಪಟ್ಟಿಗೆ ಸಹಿ ಹಾಕುವುದೂ ಆಟದ ಭಾಗ. ಕೂಡಿಸಿ ನೋಡದೆ ಸಹಿ ಬೇಡ.

ಮುಂದಿನದು ಒಬ್ಬರಿಗೊಬ್ಬರು. ರಿಕರ್ವ್‌ನಲ್ಲಿ ಮೂರು ಬಾಣಕ್ಕೆ ಒಂದು ಸೆಟ್. ಗೆದ್ದವರಿಗೆ 2, ಸಮವಾದರೆ ಒಂದೊಂದು. ಮೊದಲು 6 ಮುಟ್ಟಿದವರಿಗೆ ಪಂದ್ಯ. 5-5 ಆದರೆ ಒಂದೇ ಬಾಣದಲ್ಲಿ ತೀರ್ಮಾನ. ಒಂದು ಸೆಟ್ ಹಾಳಾದರೂ ಮುಂದಿನದು ಸೊನ್ನೆಯಿಂದ ಶುರುವಾಗುವುದರಿಂದ ಮಕ್ಕಳಿಗೆ ಇದು ದಯೆಯುಳ್ಳ ನಿಯಮ. ಕಾಂಪೌಂಡ್‌ಗೆ ಆ ದಯೆ ಇಲ್ಲ: 15 ಬಾಣಗಳ ಒಟ್ಟು ಅಂಕ, ಪೂರ್ಣ 150. ನಾಗಪುರದ ಓಜಸ್ ದೇವತಳೆ 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆ 150ನ್ನೂ ಹೊಡೆದ. ಎದುರಾಳಿಗೆ 149 ಬಂದಿತ್ತು!

ಪಾಲಕರು ಗೆರೆಯ ಹಿಂದೆ, ದೂರದಲ್ಲಿ. ಅಲ್ಲಿಂದ ಕೂಗಿ ಹೇಳುವುದು ಏನೂ ಇಲ್ಲ.

ಹೆಜ್ಜೆ 8: ಮನೆಗೆ ಬಂದಮೇಲೆ

ಪ್ರತಿ ಎಂಡ್‌ನ ಬಾಣ ಎಲ್ಲಿ ಬಿತ್ತು ಎಂದು ನೋಟ್‌ಬುಕ್‌ನಲ್ಲಿ ಚುಕ್ಕಿ ಹಾಕುವ ಅಭ್ಯಾಸ ಮಾಡಿಸಿ. ಚುಕ್ಕಿಗಳು ಒತ್ತಾಗಿ ಎಡಕ್ಕೆ ಸರಿದಿದ್ದರೆ ಸೈಟನ್ನೂ ಎಡಕ್ಕೆ ಸರಿಸಬೇಕು. ಬಾಣ ಹೋದ ಕಡೆಗೇ ಸೈಟ್. ಚುಕ್ಕಿಗಳು ಎಲ್ಲ ಕಡೆ ಚೆಲ್ಲಿದ್ದರೆ ಸೈಟ್ ಮುಟ್ಟಬೇಡಿ, ಮತ್ತೆ ರಬ್ಬರ್ ಬ್ಯಾಂಡ್ ಹಿಡಿಯಬೇಕು. ಮೊದಲ ಮೂರು ಎಂಡ್ ಚೆನ್ನಾಗಿದ್ದು ಕೊನೆಯ ಮೂರರಲ್ಲಿ ಬಾಣಗಳು ಕೆಳಗಿಳಿದಿದ್ದರೆ ಮಗು ಸುಸ್ತಾಗಿದೆ. ಆ ನೋಟ್‌ಬುಕ್ ಕೋಚ್‌ಗೆ ತೋರಿಸಿ, ಮುಂದಿನ ಸ್ಪರ್ಧೆಗೆ ಪೌಂಡ್ ಇಳಿಸಬೇಕಾ ಎಂದು ಕೇಳಿ.