ರಿವಾಲ್ವರ್ ಬಿಲ್ಲು ಓದುವ ಬಗೆ

ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಯುಧ ಲೈಸೆನ್ಸಿನ ಕಡತಗಳು ಬರುವ ಶಾಖೆಯಲ್ಲೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಲೈಸೆನ್ಸ್ ಸಿಕ್ಕವರು ಕೋವಿಯನ್ನೋ ರಿವಾಲ್ವರನ್ನೋ ಕೊಂಡ ಮೇಲೆ ಅಂಗಡಿಯ ಬಿಲ್ಲು ತಂದು ನಮೂದು ಮಾಡಿಸಿಕೊಳ್ಳಬೇಕು. ಒಂದೇ ಕಾರ್ಖಾನೆಯ ಒಂದೇ ಮಾದರಿಗೆ ಅಂಕೋಲೆಯವರು ಒಂದು ದರ, ಯಲ್ಲಾಪುರದವರು ಇನ್ನೊಂದು ದರ ಕೊಟ್ಟು ಬಂದಿರುತ್ತಿದ್ದರು. ಶಿರಸಿಯ ಅಡಿಕೆ ಬೆಳೆಗಾರ ಚಾಲಿಯ ದರ ಕ್ವಿಂಟಲಿಗೆ ನೂರು ರೂಪಾಯಿ ಇಳಿದರೂ ನಾಲ್ಕು ಕಡೆ ಫೋನು ಮಾಡಿ ವಿಚಾರಿಸುತ್ತಾನೆ. ಅದೇ ಮನುಷ್ಯ ಒಂದೂವರೆ ಲಕ್ಷದ ರಿವಾಲ್ವರಿಗೆ ಅಂಗಡಿಯವರು ಹೇಳಿದ್ದೇ ದರ ಅಂತ ಎಣಿಸಿ ಕೊಟ್ಟುಬರುತ್ತಾನೆ. ಅದನ್ನು ಕಂಡು ಆಗಲೂ ಸಂಕಟವಾಗುತ್ತಿತ್ತು, ಈಗಲೂ ಆಗುತ್ತದೆ. ನಿವೃತ್ತಿಯಾದ ಮೇಲೂ ನೆಂಟರು, ಪರಿಚಯದವರು ಫೋನು ಮಾಡಿ ‘ಅಕ್ಕಾ, ರಿವಾಲ್ವರಿಗೆ ಈಗ ಎಷ್ಟು ಬೀಳ್ತು?’ ಅಂತ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಅಂಗಡಿಗೆ ಫೋನು ಮಾಡುವ ಮೊದಲು ಲೈಸೆನ್ಸ್ ತೆಗೆದು ಓದಿ. ಅದರಲ್ಲಿ ಯಾವ ಬಗೆಯ ಆಯುಧ, ಯಾವ ಉದ್ದೇಶಕ್ಕೆ, ಎಷ್ಟು ತೋಟೆ (ಗುಂಡು), ಎಲ್ಲಿಯ ತನಕ ವ್ಯಾಪ್ತಿ ಅಂತ ಬರೆದಿರುತ್ತದೆ. ಬೆಳೆ ರಕ್ಷಣೆಗೆ ಸಿಕ್ಕ ಲೈಸೆನ್ಸಿನ ಮೇಲೆ ರಿವಾಲ್ವರ್ ಕೊಳ್ಳಲು ಬರುವುದಿಲ್ಲ. 1959ರ ಆಯುಧ ಕಾಯ್ದೆಯೇ ಬೆಳೆ ಕಾಯುವುದಕ್ಕೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೇಳುತ್ತದೆ. ನಮ್ಮಲ್ಲಿ ಕೇಪಿನ ಕೋವಿ ಅನ್ನುವುದು ಅದನ್ನೇ. ತೋಟಕ್ಕೆ ಮಂಗ, ಕಾಡುಹಂದಿ ಬರುತ್ತವೆ ಎಂದು ರಿವಾಲ್ವರ್ ಕೊಳ್ಳಲು ಹೊರಟವರಿಗೆ ನಾನು ಕಡ್ಡಿ ತುಂಡುಮಾಡಿದ ಹಾಗೆ ಬೇಡ ಎಂದೇ ಹೇಳುತ್ತೇನೆ. ಗಿಡ್ಡ ನಳಿಗೆಯ ಆಯುಧ ಆ ಕೆಲಸಕ್ಕೆ ಒದಗುವುದಿಲ್ಲ. ಮೇಲಾಗಿ ಲೈಸೆನ್ಸ್ ಕೈಯಲ್ಲಿದೆ ಎಂದು ಕಾಡುಪ್ರಾಣಿಗೆ ಗುಂಡು ಹಾರಿಸಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಅದಕ್ಕೆ ಬೇರೆಯೇ ಅನುಮತಿ ಬೇಕು. ಮನೆಯಲ್ಲಿ ಈಗಾಗಲೇ ಎರಡು ಆಯುಧ ನಿಮ್ಮ ಹೆಸರಲ್ಲಿದ್ದರೆ ಮೂರನೆಯದರ ಮಾತೇ ಇಲ್ಲ. 2019ರ ತಿದ್ದುಪಡಿ ಮೂರರ ಮಿತಿಯನ್ನು ಎರಡಕ್ಕೆ ಇಳಿಸಿದೆ.

ಇನ್ನು ದರ. ಅಂಗಡಿಯವರು ಹೇಳುವ ಒಂದೇ ಮೊತ್ತವನ್ನು ಒಪ್ಪಿಕೊಳ್ಳಬೇಡಿ. ಮೂಲ ದರ ಎಷ್ಟು, ಜಿಎಸ್‌ಟಿ ಎಷ್ಟು, ಸಾಗಾಟ ಎಷ್ಟು ಎಂದು ಬಿಡಿಸಿ ಬರೆದುಕೊಡಲು ಕೇಳಿ. ರಿವಾಲ್ವರ್ ಮತ್ತು ಪಿಸ್ತೂಲಿಗೆ 2017ರಿಂದ 28 ಶೇಕಡಾ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40 ಶೇಕಡಾ ಆಗಿದೆ. ಲೆಕ್ಕ ಹಾಕಿ ನೋಡಿ: ಮೂಲ ದರ 1,00,000 ಇದ್ದರೆ ಮೊದಲು 1,28,000 ಕೊಡಬೇಕಿತ್ತು, ಈಗ 1,40,000. ಕಾರ್ಖಾನೆಯವರು ಒಂದು ಪೈಸೆ ಹೆಚ್ಚಿಸದೆಯೂ ನಿಮ್ಮ ಕೈಯಿಂದ ಹನ್ನೆರಡು ಸಾವಿರ ಹೆಚ್ಚು ಹೋಯಿತು. ಅಂದರೆ ಹಳೆಯ ಬಿಲ್ಲಿಗಿಂತ ಸುಮಾರು 9.4 ಶೇಕಡಾ ಏರಿಕೆ. ಯಾರಾದರೂ ‘ಕಂಪನಿಯವರೇ ಏರಿಸಿದ್ದಾರೆ’ ಎಂದು ಹದಿನೈದು, ಇಪ್ಪತ್ತು ಶೇಕಡಾ ಹೆಚ್ಚು ಹೇಳಿದರೆ ಈ ಲೆಕ್ಕ ಮುಂದಿಟ್ಟು ಉಳಿದದ್ದು ಯಾವುದರ ಬಾಬ್ತು ಎಂದು ಕೇಳಿ. ಒಟ್ಟು ಮೊತ್ತ ಮಾತ್ರ ಹೇಳಿದರೆ ಅದನ್ನು 1.40ರಿಂದ ಭಾಗಿಸಿ, ಮೂಲ ದರ ಸಿಗುತ್ತದೆ. 1,68,000 ಎಂದರೆ ಮೂಲ 1,20,000. ಎರಡು ಅಂಗಡಿಗಳ ಮೂಲ ದರವನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ಬಿಲ್ಲಿನ ಒಟ್ಟು ಮೊತ್ತವನ್ನೂ ಇವತ್ತಿನ ಒಟ್ಟು ಮೊತ್ತವನ್ನೂ ನೇರವಾಗಿ ಹೋಲಿಸಿದರೆ ತೆರಿಗೆಯ ವ್ಯತ್ಯಾಸವೇ ಕಣ್ಣು ಕಟ್ಟುತ್ತದೆ.

ಮಾಡುವವರು ಯಾರು ಎಂಬುದು ದರಕ್ಕಿಂತ ದೊಡ್ಡ ವಿಷಯ. ಬಹಳ ಕಾಲ ನಮ್ಮ ದೇಶದಲ್ಲಿ ಲೈಸೆನ್ಸ್‌ದಾರರಿಗೆ ಹೊಸ ರಿವಾಲ್ವರ್ ಬೇಕೆಂದರೆ ಸೇನೆಗೆ ಆಯುಧ ಮಾಡುವ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯೇ ಗತಿಯಾಗಿತ್ತು. ಕಾನ್ಪುರದ .32 ಬೋರಿನ (ಬೋರು ಅಂದರೆ ನಳಿಗೆಯ ಒಳ ಅಗಲ, ಇಲ್ಲಿ ಇಂಚಿನಲ್ಲಿ) ರಿವಾಲ್ವರ್, ಇಶಾಪುರದ ಅಶನಿ ಪಿಸ್ತೂಲು ಬಿಟ್ಟರೆ ಆರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಆಯುಧದ ಆಮದು ನಿಂತುಹೋಗಿತ್ತು. ಮಾರುವವನು ಒಬ್ಬನೇ ಆದರೆ ದರ ಅವನು ಹೇಳಿದ್ದೇ, ಕಾಯುವ ಸರದಿಯೂ ಅವನು ಇಟ್ಟದ್ದೇ. 2014ರಲ್ಲಿ ಕಾನ್ಪುರದಿಂದ ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹದ ಮೈ, ತೂಕ ಅರ್ಧ ಕಿಲೋ ಆಸುಪಾಸು, ಹೆಂಗಸರಿಗಾಗಿಯೇ ಮಾಡಿದ್ದು ಎಂಬ ಪ್ರಚಾರ, ದರ 1,22,360 ರೂಪಾಯಿ. ಹೆಂಗಸರ ಹೆಸರು ಹೇಳಿ ಮಾರುವ ವಸ್ತುವಿಗೆ ನಮ್ಮ ಜಿಲ್ಲೆಯ ದುಡಿಯುವ ಹೆಂಗಸರ ಪೈಕಿ ಎಷ್ಟು ಜನ ಅಷ್ಟು ಹಣ ಎಣಿಸಬಲ್ಲರು ಎಂಬ ಪ್ರಶ್ನೆ ಆಗ ನನ್ನನ್ನು ಬಿಡದೆ ಕಾಡಿತು. ಈಗಲೂ ಅದಕ್ಕೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಆಮೇಲೆ ಪರಿಸ್ಥಿತಿ ಬದಲಾಯಿತು. 2016ರ ಆಯುಧ ನಿಯಮಗಳು ಖಾಸಗಿ ತಯಾರಿಕೆಯ ಲೈಸೆನ್ಸಿಗೆ ಸ್ಪಷ್ಟ ದಾರಿ ಮಾಡಿದವು. ಬ್ರಿಟನ್ನಿನ ಹಳೆಯ ಹೆಸರು ವೆಬ್ಲಿ ಅಂಡ್ ಸ್ಕಾಟ್, ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ .32 ರಿವಾಲ್ವರ್ ಮಾಡಲು ಬಂತು. ಸುದ್ದಿಯಲ್ಲಿ ಬಂದ ಆರಂಭದ ದರ 1.6 ಲಕ್ಷದ ಹತ್ತಿರ. ಬ್ರೆಜಿಲ್ಲಿನ ಟಾರಸ್ ಕಂಪನಿ ಜಿಂದಾಲ್ ಗುಂಪಿನ ಜೊತೆ ಸೇರಿ ಹರಿಯಾಣದ ಹಿಸಾರ್‌ನಲ್ಲಿ ಕಾರ್ಖಾನೆ ಹಾಕಿತು. 2021ರ ಅಕ್ಟೋಬರ್ 1ರಂದು ಸರ್ಕಾರ ಆರ್ಡ್‌ನೆನ್ಸ್ ಮಂಡಳಿಯನ್ನೇ ಒಡೆದು ಏಳು ಕಂಪನಿ ಮಾಡಿತು. ರಿವಾಲ್ವರ್, ಪಿಸ್ತೂಲು ಕಾನ್ಪುರ ಕೇಂದ್ರದ ಕಂಪನಿಗೆ ಹೋಯಿತು, ತೋಟೆಗಳು ಪುಣೆ ಕೇಂದ್ರದ ಇನ್ನೊಂದಕ್ಕೆ. 2023ರ ಆಗಸ್ಟಿನಲ್ಲಿ ಆ ಕಾನ್ಪುರದ ಕಂಪನಿಯೇ ಪ್ರಬಲ್ ಎಂಬ ಹೊಸ .32 ರಿವಾಲ್ವರ್ ತಂದಿತು. ಹಳೆಯದು ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಮೇಲಿನಿಂದ ತೆರೆಯುವ ಮಾದರಿ. ಪ್ರಬಲ್‌ನಲ್ಲಿ ಗುಂಡಿನ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. 50 ಮೀಟರ್ ತನಕ ಗುರಿ ಎಂಬುದು ಕಂಪನಿಯ ಮಾತು.

ಗಮನಿಸಿ, ಸ್ಪರ್ಧೆ ಬಂದದ್ದರಿಂದ ಇಲ್ಲಿ ದರ ಕುಸಿಯಲಿಲ್ಲ, ಮಾದರಿ ಸುಧಾರಿಸಿತು. ಕಾರಣ ಕಷ್ಟದ್ದೇನಲ್ಲ. ಕೊಳ್ಳುವವರ ಸಂಖ್ಯೆಯನ್ನು ಲೈಸೆನ್ಸ್ ಹಿಡಿದಿಟ್ಟಿದೆ, ಹಾಗಾಗಿ ದರ ಇಳಿಸಿ ಹೆಚ್ಚು ಮಾರುವ ಆಸೆ ಯಾವ ಕಾರ್ಖಾನೆಗೂ ಇರುವುದಿಲ್ಲ. 9 ಎಂಎಂ ಬೋರು ಜನಸಾಮಾನ್ಯರಿಗೆ ನಿಷಿದ್ಧ, ಹೆಚ್ಚಿನವರು .32ರ ಸುತ್ತವೇ ತಿರುಗಬೇಕು. ಹೊರಗಿನ ಮಾಲು ಬರುವಂತಿಲ್ಲ. ಈ ಬಿಗಿ ಇರಲಿ ಎಂಬುದೇ ನನ್ನ ಅಭಿಪ್ರಾಯ. ಆಯುಧ ಅಗ್ಗವಾಗಿ ಸಿಗುವ ಊರಿನಲ್ಲಿ ಬಾಳುವ ಆಸೆ ನನಗಿಲ್ಲ. ಆದರೆ ಕಾನೂನಿನ ಪ್ರಕಾರ ಲೈಸೆನ್ಸ್ ಪಡೆದವನು ಕತ್ತಲಲ್ಲಿ ದುಡ್ಡು ಸುರಿಯಬೇಕಾಗಿಲ್ಲ. ಎರಡು ಕಾರ್ಖಾನೆಯ ಎರಡು ಮಾದರಿಗೆ ಬೇರೆ ಬೇರೆ ಅಂಗಡಿಯಿಂದ ಬರವಣಿಗೆಯಲ್ಲಿ ದರ ತರಿಸಿಕೊಳ್ಳಿ. ಮಾಲು ಯಾವಾಗ ಕೈಗೆ, ಮುಂಗಡ ಎಷ್ಟು, ತಡವಾದರೆ ಮುಂಗಡ ವಾಪಸ್ಸೋ ಅಲ್ಲವೋ ಎಂಬುದನ್ನೂ ಅದರಲ್ಲೇ ಬರೆಸಿ. ಪರಿಚಯದ ಮೀನು ವ್ಯಾಪಾರಿಯೊಬ್ಬರು ಹೀಗೆ ಬರೆಸಿಕೊಂಡಿದ್ದರು. ಅವಧಿ ಮೀರಿದಾಗ ಕಾಗದ ತೋರಿಸಿ ಹಣ ವಾಪಸ್ ಪಡೆದು ಬೇರೆ ಕಡೆ ಕೊಂಡರು.

ಮನೆಯ ಹುಡುಗರು ಯೂಟ್ಯೂಬ್ ನೋಡಿ, ಅಮೆರಿಕದಲ್ಲಿ ಗ್ಲಾಕ್ ಪಿಸ್ತೂಲು ಐನೂರು ಡಾಲರಿನ ಆಸುಪಾಸಿಗೆ ಸಿಗುತ್ತದೆ, ನಮ್ಮಲ್ಲಿ ಯಾಕೆ ಇಷ್ಟು ದುಬಾರಿ ಎಂದು ಕೇಳುತ್ತಾರೆ. ಅಲ್ಲಿ ಹತ್ತಾರು ಕಂಪನಿ ಒಂದೇ ಗಿರಾಕಿಯ ಹಿಂದೆ ಬಿದ್ದಿವೆ. ಆಸ್ಟ್ರಿಯಾದ ಗ್ಲಾಕ್ 1980ರ ದಶಕದಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು ತಂದು ತಯಾರಿಕೆಯ ಖರ್ಚನ್ನೇ ಇಳಿಸಿತು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1994ರಲ್ಲಿ ಅದೇ ಬಗೆಯ ಸಿಗ್ಮಾ ಪಿಸ್ತೂಲು ತಂದಾಗ ಗ್ಲಾಕ್ ಕೋರ್ಟಿಗೆ ಹೋಯಿತು, 1997ರಲ್ಲಿ ರಾಜಿಯಾಯಿತು. ಅಲ್ಲಿಯ ದರಪಟ್ಟಿ ಹಿಡಿದು ಇಲ್ಲಿಯ ಅಂಗಡಿಯಲ್ಲಿ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಆದರೆ ಅಲ್ಲಿಂದ ಕಲಿಯಬೇಕಾದ ಒಂದು ಪಾಠ ಇದೆ. 1985ರಲ್ಲಿ ಅಮೆರಿಕದ ಸೇನೆ ಪಿಸ್ತೂಲು ಆರಿಸುವಾಗ ಇಟಲಿಯ ಬೆರೆಟ್ಟಾ ಕಂಪನಿ ಒಂದಕ್ಕೆ 178.50 ಡಾಲರ್ ಹೇಳಿತ್ತು, ಸಿಗ್ ಎಂಬ ಇನ್ನೊಂದು ಕಂಪನಿ ಅದಕ್ಕಿಂತ ಎರಡು ಡಾಲರ್ ಕಡಿಮೆ. ಆದರೂ ಗೆದ್ದದ್ದು ಬೆರೆಟ್ಟಾ, ಯಾಕೆಂದರೆ ಮ್ಯಾಗಜೀನು (ಪಿಸ್ತೂಲಿಗೆ ಗುಂಡು ತುಂಬಿ ಹಾಕುವ ಡಬ್ಬಿ), ಬಿಡಿಭಾಗ ಎಲ್ಲ ಸೇರಿಸಿದ ಒಟ್ಟು ಲೆಕ್ಕದಲ್ಲಿ ಅದೇ ಕಡಿಮೆ ಬಿತ್ತು. 2017ರಲ್ಲಿ ಮತ್ತೆ ಪೈಪೋಟಿ ನಡೆದಾಗ ಒಟ್ಟು ಲೆಕ್ಕ ಸಿಗ್‌ನದ್ದು 16.95 ಕೋಟಿ ಡಾಲರ್, ಗ್ಲಾಕ್‌ನದ್ದು 27.22 ಕೋಟಿ. ಈ ಸಲ ಸಿಗ್ ಗೆದ್ದಿತು. ನೀವೂ ಹಾಗೆಯೇ ಕೇಳಿ: ಸ್ಪ್ರಿಂಗು, ಫೈರಿಂಗ್ ಪಿನ್ನು ಸಿಗುತ್ತದೆಯೇ, ಪಿಸ್ತೂಲಾದರೆ ಹೆಚ್ಚುವರಿ ಮ್ಯಾಗಜೀನಿಗೆ ಎಷ್ಟು, ಕೆಟ್ಟರೆ ರಿಪೇರಿಗೆ ಕಾನ್ಪುರಕ್ಕೇ ಕಳಿಸಬೇಕೋ ರಾಜ್ಯದೊಳಗೇ ಆಗುತ್ತದೋ. ಆಯುಧವನ್ನು ಉತ್ತರ ಭಾರತಕ್ಕೆ ಸಾಗಿಸಿ ತರುವುದು ಖರ್ಚಿನ ಬಾಬ್ತು, ಕಾಗದಪತ್ರದ ಬಾಬ್ತು ಕೂಡ. ಹತ್ತು ಸಾವಿರ ಕಡಿಮೆಗೆ ಸಿಕ್ಕಿತೆಂದು ರಿಪೇರಿಯ ವ್ಯವಸ್ಥೆಯೇ ಇಲ್ಲದ ಮಾದರಿ ಕೊಳ್ಳಬೇಡಿ.

ತೋಟೆಯ ವಿಷಯದಲ್ಲಿ ಒಂದು ಎಚ್ಚರ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ರಿವಾಲ್ವರಿನದು ಉದ್ದ, ಪಿಸ್ತೂಲಿನದು ಗಿಡ್ಡ. ಹೆಸರು ಒಂದೇ ಎಂದು ಒಂದರ ತೋಟೆ ಇನ್ನೊಂದಕ್ಕೆ ಹಾಕಬಾರದು. ರಿವಾಲ್ವರಿನ ಅಂಗಡಿಯಲ್ಲೇ ತೋಟೆಯ ಈಗಿನ ದರವನ್ನೂ ಬರೆಸಿಕೊಳ್ಳಿ. ಲೈಸೆನ್ಸಿನಲ್ಲಿ ಬರೆದ ಸಂಖ್ಯೆಗಿಂತ ಒಂದೂ ಹೆಚ್ಚು ತರುವಂತಿಲ್ಲ, ಅಷ್ಟನ್ನೇ ಲೆಕ್ಕ ಹಿಡಿದರೆ ವರ್ಷದ ಖರ್ಚು ತಿಳಿಯುತ್ತದೆ.

ಹಳೆಯದನ್ನು ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಆಮದು ನಿಲ್ಲುವ ಮೊದಲು ಬಂದ ವಿದೇಶಿ ರಿವಾಲ್ವರುಗಳಿಗೆ ಜನ ಹೊಸದಕ್ಕಿಂತ ಹಲವು ಪಟ್ಟು ಕೇಳುತ್ತಾರೆ. ಹೆಸರಿಗೆ ಆ ಹಣ, ಲೋಹಕ್ಕಲ್ಲ. ನಳಿಗೆಯೊಳಗಿನ ಗೆರೆಗಳು ಸವೆದಿವೆಯೇ, ಸಿಲಿಂಡರ್ ಅಲುಗಾಡುತ್ತದೆಯೇ ಎಂದು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಪರೀಕ್ಷೆ ಮಾಡಿಸದೆ ದರ ಮಾತಾಡಬೇಡಿ. ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು. ಅದಕ್ಕೆ ಮೊದಲೇ ಪೂರ್ತಿ ಹಣ ಕೇಳುವವರಿಗೆ ನಮಸ್ಕಾರ ಹೇಳಿ ಬನ್ನಿ. ಅಪ್ಪನೋ ಅಜ್ಜನೋ ತೀರಿಹೋಗಿ ಮನೆಯಲ್ಲಿ ಉಳಿದ ಆಯುಧವಾದರೆ ಮಾರಾಟದ ಮಾತಿಗೂ ಮೊದಲು ಅದನ್ನು ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯಿರಿ. ನಾಗಂದಿಗೆಯ ಮೇಲೆ ಮುಚ್ಚಿಟ್ಟರೆ ಅದು ಅಪರಾಧ.

ಕರಾವಳಿಯವರಿಗೆ ಮಾತ್ರ ಇರುವ ಖರ್ಚು ಒಂದಿದೆ. ಕಾರವಾರ, ಕುಮಟಾ, ಹೊನ್ನಾವರದ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲೇ ಇಟ್ಟರೆ ಚರ್ಮ ತೇವ ಹೀರಿ ಇನ್ನೂ ಬೇಗ. ಎಣ್ಣೆ, ಸ್ವಚ್ಛ ಮಾಡುವ ಕಡ್ಡಿ, ತೇವ ಎಳೆಯುವ ಸಿಲಿಕಾ ಪೊಟ್ಟಣ, ಗೋಡೆಗೆ ಬಿಗಿದ ಬೀಗದ ಪೆಟ್ಟಿಗೆ ಇಷ್ಟನ್ನೂ ದರದ ಲೆಕ್ಕದಲ್ಲೇ ಸೇರಿಸಿ. ಚುನಾವಣೆ ಘೋಷಣೆಯಾಗಿ ಠಾಣೆಯಲ್ಲಿ ಜಮಾ ಮಾಡಲು ಆದೇಶ ಬಂದರೆ ಎಣ್ಣೆ ಹಚ್ಚಿಯೇ ಕೊಡಿ, ವಾಪಸ್ ಬರುವವರೆಗೂ ಅದು ಅಲ್ಲೇ ಇರುತ್ತದೆ.

ಹಣ ಕೊಡುವ ಮುನ್ನ ಬಿಲ್ಲಿನ ಸರಣಿ ಸಂಖ್ಯೆ, ಬೋರು, ಕಾರ್ಖಾನೆಯ ಹೆಸರು ಇವನ್ನು ಆಯುಧದ ಮೇಲೆ ಕೊರೆದದ್ದರ ಜೊತೆ ಒಂದೊಂದೇ ಅಂಕೆ ಬೆರಳಿಟ್ಟು ತಾಳೆ ನೋಡಿ. ಒಂದು ಅಂಕೆ ತಪ್ಪಿದ್ದರೂ ಕಚೇರಿಯಲ್ಲಿ ನಮೂದು ಆಗುವುದಿಲ್ಲ, ನೀವು ಮತ್ತೆ ಘಟ್ಟ ಹತ್ತಿ ಅಂಗಡಿಗೆ ಹೋಗಿ ಬಿಲ್ಲು ತಿದ್ದಿಸಿಕೊಂಡು ಬರಬೇಕಾಗುತ್ತದೆ.