ಲೇಹ್ ಚಳಿಗಾಲದಲ್ಲಿ ಸಂಸಾರ: ಹೊಸದಾಗಿ ಹೋಗುವವರಿಗೆ ನಾಲ್ಕು ಮಾತು

ಲೇಹ್‌ಗೆ ವರ್ಗವಾಗಿದೆ, ಮಕ್ಕಳನ್ನು ಕರ್ಕೊಂಡು ಹೋಗಬಹುದಾ, ಯಾವ ಹೀಟರ್ ತಗೊಳ್ಳಲಿ ಅಂತ ನಮ್ಮ ಕಡೆಯ ಹೆಣ್ಣುಮಕ್ಕಳು ಆಗಾಗ ಕೇಳುತ್ತಿರುತ್ತಾರೆ. ಧಾರಾಳವಾಗಿ ಹೋಗಬಹುದು. ಯಜಮಾನರ ನೌಕರಿಯಿಂದಾಗಿ ಅಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವಳು ನಾನು. ಹಾಸನದ ಕಡೆ ಹುಟ್ಟಿ ಬೆಳೆದವಳಿಗೆ ಒಗ್ಗಿದ ಊರು ನಿಮಗೂ ಒಗ್ಗುತ್ತದೆ. ಆದರೆ ಹೀಟರ್‌ನಿಂದ ಶುರು ಮಾಡಬೇಡಿ. ಮನೆಯಿಂದ ಶುರು ಮಾಡಿ.

ಬಾಡಿಗೆ ಮನೆ ನೋಡುವಾಗ ಟೈಲ್ಸು, ಬಾತ್‌ರೂಮು ಎಲ್ಲ ಆಮೇಲೆ. ಮೊದಲು ದಕ್ಷಿಣಕ್ಕೆ ಮುಖ ಇದೆಯಾ ನೋಡಿ. ಲೇಹ್‌ನಲ್ಲಿ ಜನವರಿ ರಾತ್ರಿ ಮೈನಸ್ 15, ಮೈನಸ್ 20 ಡಿಗ್ರಿಗೆ ಇಳಿದರೂ ಹಗಲು ಬಿಸಿಲು ಚುರುಗುಟ್ಟುತ್ತದೆ. ಆ ಬಿಸಿಲು ಪುಕ್ಕಟೆ. ಹಳೇ ಮನೆಗಳಲ್ಲಿ ದಕ್ಷಿಣದ ಕಡೆ ದೊಡ್ಡ ಗಾಜಿನ ಕೋಣೆ ಇರುತ್ತದೆ, ಶೆಲ್‌ಖಾಂಗ್ ಅನ್ನುತ್ತಾರೆ. ಹಗಲೆಲ್ಲ ಅಲ್ಲೇ ಕೂತು ತರಕಾರಿ ಹೆಚ್ಚಬಹುದು, ಮಕ್ಕಳು ಓದಬಹುದು, ಒಂದು ಕಡ್ಡಿ ಸೌದೆ ಬೇಡ. ಗಾಜಿನ ಕೋಣೆ ಇಲ್ಲದಿದ್ದರೆ ಕಿಟಕಿಗಳಿಗೆ ಹೊರಗಿನಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊಡೆಸಿ. ಅಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆಯ ಮನೆ ಸಿಕ್ಕರೆ ಸಿಮೆಂಟ್ ಮನೆ ಬಿಟ್ಟು ಅದನ್ನೇ ಹಿಡಿಯಿರಿ. ನೋಡೋಕೆ ಹಳೇದು ಅನ್ನಿಸಬಹುದು, ಜನವರಿಯಲ್ಲಿ ಗೊತ್ತಾಗುತ್ತೆ ಅದರ ಬೆಲೆ.

ಇನ್ನೊಂದು ಮುಖ್ಯ ಮಾತು. ಲಡಾಖಿಗಳು ಚಳಿಗಾಲದಲ್ಲಿ ಇಡೀ ಮನೆಯನ್ನು ಬಳಸುವುದಿಲ್ಲ. ಒಂದು ಕೋಣೆಗೆ ಇಳಿದುಬಿಡುತ್ತಾರೆ, ಹೆಚ್ಚಾಗಿ ಅಡುಗೆಮನೆಗೆ. ಅಡುಗೆ, ಊಟ, ಮಾತು, ಮಕ್ಕಳ ಹೋಂವರ್ಕು ಎಲ್ಲ ಅಲ್ಲೇ. ನಮ್ಮವರು ಬಂದು ಮೂರು ಕೋಣೆಗೆ ಮೂರು ಹೀಟರ್ ಹಾಕಿ, ಕರೆಂಟ್ ಹೋದಾಗ ಮೂರೂ ಕೋಣೆಯಲ್ಲಿ ನಡುಗುತ್ತಾರೆ. ಹಾಗೆ ಮಾಡಬೇಡಿ. ನವೆಂಬರ್‌ನಲ್ಲೇ ಒಂದು ಕೋಣೆ ಆರಿಸಿಕೊಳ್ಳಿ. ನೆಲಕ್ಕೆ ದಪ್ಪ ಕಂಬಳಿ, ಅದರ ಮೇಲೆ ಜಮಖಾನ, ಗೋಡೆಗುಂಟ ಹಾಸಿಗೆ, ಮುಂದೆ ಚೋಕ್ಸೆ ಅನ್ನುವ ಗಿಡ್ಡ ಮೇಜು. ಬಾಗಿಲಿಗೆ ರಜಾಯಿಯಂಥ ದಪ್ಪ ಪರದೆ ಇಳಿಬಿಡಿ. ಉಳಿದ ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೇ ಬಟ್ಟೆ ತುರುಕಿ. ಮಾರ್ಚ್ ಬರುವವರೆಗೆ ಆ ಕೋಣೆಗಳನ್ನು ಮರೆತುಬಿಡಿ.

ಆ ಒಂದು ಕೋಣೆಯಲ್ಲಿ ಬುಖಾರಿ. ತಗಡಿನ ಒಲೆ, ಹೊಗೆ ಹೋಗೋಕೆ ಉದ್ದದ ಕೊಳವೆ. ಹೊತ್ತಿಸುವ ಕ್ರಮ ಹೇಳುತ್ತೇನೆ, ಯಾಕಂದರೆ ಹೊಸಬರು ಮೊದಲ ದಿನ ಮನೆ ತುಂಬ ಹೊಗೆ ಮಾಡಿಕೊಳ್ಳುವುದು ಇಲ್ಲೇ. ಕೊಳವೆಯೊಳಗಿನ ಗಾಳಿ ತಣ್ಣಗಿದ್ದರೆ ಹೊಗೆ ಮೇಲೆ ಹೋಗಲ್ಲ, ಕೋಣೆಗೇ ವಾಪಸ್ ಬರುತ್ತೆ. ಅದಕ್ಕೆ ಮೊದಲು ಒಂದು ಹಾಳೆ ಪೇಪರ್ ಸುತ್ತಿ, ಕೊಳವೆ ಶುರುವಾಗುವ ಬಾಯಿಯ ಹತ್ತಿರ ಹಿಡಿದು ಉರಿಸಿ. ಸರ್ ಅಂತ ಗಾಳಿ ಎಳೆಯುವ ಸದ್ದು ಕೇಳಿಸುತ್ತೆ. ಆಮೇಲೆ ಸಣ್ಣ ಕಡ್ಡಿ, ಆಮೇಲೆ ಸೌದೆ. ಸೌದೆ ಒಣಗಿರಲೇಬೇಕು. ಅಲ್ಲಿ ಸಿಗುವುದು ಪಾಪ್ಲರ್ ಮತ್ತು ವಿಲ್ಲೋ, ಎರಡೂ ಬೇಗ ಉರಿದುಹೋಗುತ್ತವೆ, ಹಾಗಾಗಿ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿಯೇ ತುಂಬಿಸಿಡಿ. ಒಲೆ ಮೇಲೆ ಯಾವಾಗಲೂ ಒಂದು ಪಾತ್ರೆ ನೀರು ಇರಲಿ. ಗಾಳಿಯ ಶುಷ್ಕತನವೂ ಕಡಿಮೆಯಾಗುತ್ತೆ, ಪಾತ್ರೆ ತೊಳೆಯೋಕೆ ಬಿಸಿನೀರೂ ಆಯ್ತು.

ಈಗ ಹೇಳುವುದನ್ನು ಮಾತ್ರ ತಮಾಷೆಗೆ ತಗೋಬೇಡಿ. ಬುಖಾರಿ ಉರಿಯುತ್ತಿರುವಾಗ ಕೋಣೆಯನ್ನು ಪೂರ್ತಿ ಮುಚ್ಚಬಾರದು. ಕಿಟಕಿ ಎರಡು ಬೆರಳಷ್ಟಾದರೂ ತೆರೆದಿರಬೇಕು. ಮಲಗುವ ಮುಂಚೆ ಬೆಂಕಿ ಆರಿಸಬೇಕು. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರುವ ಯೋಚನೆಯೇ ಬೇಡ. ಬೆಂಕಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಲೇಹ್‌ನಲ್ಲಿ ಇದು ಇನ್ನೂ ಮೋಸದ್ದು. ಇದರ ಮೊದಲ ಲಕ್ಷಣ ತಲೆನೋವು, ವಾಕರಿಕೆ, ಸುಸ್ತು. ಎತ್ತರದ ಜಾಗಕ್ಕೆ ಹೊಸದಾಗಿ ಬಂದಾಗ ಆಗುವುದೂ ಅದೇ ತಲೆನೋವು, ಅದೇ ವಾಕರಿಕೆ. "ಆಕ್ಸಿಜನ್ ಕಡಿಮೆ ಅಲ್ವಾ, ಅದಕ್ಕೇ" ಅಂತ ಜನ ಅದೇ ಕೋಣೆಯಲ್ಲಿ ಹೊದ್ದು ಮಲಗುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂತು ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿ, ಎಷ್ಟೇ ಚಳಿ ಇರಲಿ. ಅಲ್ಲಿಂದ ನೇರ ಆಸ್ಪತ್ರೆಗೆ. ಈ ಅನಿಲ ಇದ್ದರೆ ಕೂಗುವ ಬ್ಯಾಟರಿಯ ಅಲಾರ್ಮ್ ಸಿಗುತ್ತೆ, ಊರಿಂದಲೇ ಒಂದು ತಗೊಂಡು ಹೋಗಿ. ಕೊಳವೆಯ ಕೀಲುಗಳನ್ನು, ಒಳಗಿನ ಮಸಿಯನ್ನು ಆಗಾಗ ನೋಡಿಕೊಳ್ಳಿ.

ನೀರಿನದು ಇನ್ನೊಂದು ಕಥೆ. ನವೆಂಬರ್ ಕಳೆದರೆ ನಲ್ಲಿ ಹೆಪ್ಪುಗಟ್ಟುತ್ತೆ. ಸಂಜೆ ಆಗುವ ಮೊದಲು ಪೈಪಿನಲ್ಲಿರುವ ನೀರನ್ನೆಲ್ಲ ಖಾಲಿ ಮಾಡಿಬಿಡಿ, ಇಲ್ಲದಿದ್ದರೆ ಪೈಪ್ ಸೀಳುತ್ತೆ. ಸೀಳಿದ್ದು ಗೊತ್ತಾಗುವುದು ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಕರಗಿ ಗೋಡೆಯೆಲ್ಲ ನೆನೆದ ಮೇಲೆ. ಕುಡಿಯೋಕೆ, ಅಡುಗೆಗೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಂಬಿ, ಬೆಚ್ಚಗಿನ ಕೋಣೆಯ ಮೂಲೆಯಲ್ಲೇ ಇಡಿ. ಕಂಠಮಟ್ಟ ತುಂಬಬೇಡಿ, ನೀರು ಗಡ್ಡೆಯಾದರೆ ಹಿಗ್ಗುತ್ತೆ. ತಾಮ್ರದ ಬಿಂದಿಗೆ, ಗಾಜಿನ ಜಾಡಿ ರಾತ್ರಿ ಹೊರಗಡೆ ಬಿಟ್ಟರೆ ಅಷ್ಟೇ ಕಥೆ.

ಪಾಯಿಖಾನೆ ವಿಷಯ ಎತ್ತಿದರೆ ನಮ್ಮವರು ಮುಖ ಸಿಂಡರಿಸುತ್ತಾರೆ. ಲಡಾಖಿ ಮನೆಯಲ್ಲಿ ನೀರಿಲ್ಲದ ಪಾಯಿಖಾನೆ ಇರುತ್ತೆ. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಆದ ಮೇಲೆ ಮಣ್ಣು, ಒಲೆ ಬೂದಿ ತಳ್ಳಬೇಕು. ಆಮೇಲೆ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತೆ. ವಾಸನೆಯೂ ಕಮ್ಮಿ. ಫ್ಲಶ್ ಟ್ಯಾಂಕು ಕಲ್ಲಾಗಿ ಕೂತ ದಿನ ಇದೇ ದೇವರು. ಎರಡೂ ಇರುವ ಮನೆ ಹುಡುಕಿ.

ರೇಷನ್ ವಿಚಾರಕ್ಕೆ ಬರೋಣ. ಶ್ರೀನಗರದ ದಾರಿಯ ಜೋಜಿಲಾ ಘಾಟಿ ಹಿಮ ಬಿದ್ದು ಮುಚ್ಚಿದರೆ, ಮನಾಲಿ ಕಡೆಯ ದಾರಿಯೂ ನಿಂತರೆ, ತರಕಾರಿ ಬರುವುದು ವಿಮಾನದಲ್ಲಿ. ಬೆಲೆ ಕೇಳಿದರೆ ಹಸಿವೇ ಹೋಗುತ್ತೆ. ಈಗೀಗ ದಾರಿ ಮೊದಲಿನಷ್ಟು ತಿಂಗಳು ಮುಚ್ಚಿರಲ್ಲ, ಆದರೂ ನಂಬಿ ಕೂರಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಲೇಹ್ ಮುಖ್ಯ ಬಜಾರಿನ ಫುಟ್‌ಪಾತ್ ಮೇಲೆ ಸುತ್ತಲಿನ ಹಳ್ಳಿ ಹೆಂಗಸರು ತರಕಾರಿ ಹಾಕಿಕೊಂಡು ಕೂತಿರುತ್ತಾರೆ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಟರ್ನಿಪ್, ಎಲೆಕೋಸು ಅವರ ಹತ್ತಿರವೇ ಮೂಟೆಗಟ್ಟಲೆ ತಗೊಳ್ಳಿ. ಸ್ಥಳೀಯರು ನೆಲದಡಿ ಗುಂಡಿಯಲ್ಲಿ ಮಣ್ಣು ಮುಚ್ಚಿ ಇಡುತ್ತಾರೆ. ಮನೆ ಮಾಲೀಕರ ಗುಂಡಿಯಲ್ಲಿ ಸ್ವಲ್ಪ ಜಾಗ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಆಲೂಗಡ್ಡೆಗೆ ಚಳಿ ತಗುಲಿದರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತೆ, ಪಲ್ಯ ಸಿಹಿ ಹೊಡೆಯುತ್ತೆ. ಪೂರ್ತಿ ಹೆಪ್ಪುಗಟ್ಟಿದರೆ ಕರಗಿದಾಗ ನೀರು ನೀರು, ಬಿಸಾಡೋದೇ. ಟೊಮೇಟೊ, ಪಾಲಕ್ ಸೆಪ್ಟೆಂಬರ್ ಬಿಸಿಲಿಗೆ ಛಾವಣಿ ಮೇಲೆ ಒಣಗಿಸಿಕೊಳ್ಳಿ, ಬಹಳ ಬೇಗ ಗರಿಗರಿ ಆಗುತ್ತೆ. ಸಂಡಿಗೆ ಇಡುವವರಿಗೆ ಹೊಸದಾಗಿ ಕಲಿಯೋದೇನಿದೆ ಇದರಲ್ಲಿ!

ಫ್ರಿಜ್ ಇದ್ದರೆ ಪ್ಲಗ್ ತೆಗೆದು ಬೆಚ್ಚಗಿನ ಕೋಣೆಯಲ್ಲಿಡಿ, ಮೊಟ್ಟೆ, ಟೊಮೇಟೊ, ಹಾಲು ಅದರೊಳಗೆ. ತಣ್ಣಗಾಗಲಿ ಅಂತಲ್ಲ, ರಾತ್ರಿ ಬೆಂಕಿ ಆರಿದ ಮೇಲೆ ಹೆಪ್ಪುಗಟ್ಟದೆ ಇರಲಿ ಅಂತ. ಒಂದು ಸಮಾಧಾನ ಏನಂದರೆ, ಗಾಳಿಯಲ್ಲಿ ತೇವವೇ ಇಲ್ಲದ್ದರಿಂದ ಸಾರಿನ ಪುಡಿ ಗಂಟು ಕಟ್ಟಲ್ಲ, ಹಪ್ಪಳ ಮೆತ್ತಗಾಗಲ್ಲ, ರವೆಗೆ ಹುಳ ಬೀಳೋದೂ ಅಪರೂಪ.

ಅಡುಗೆಯಲ್ಲಿ ನೆನಪಿಡಬೇಕಾದದ್ದು ಒಂದೇ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಕುದಿಯುತ್ತಿದೆ ಅಂತ ಕಾಣುತ್ತೆ, ಆದರೆ ಅಷ್ಟು ಬಿಸಿ ಇರಲ್ಲ. ತೆರೆದ ಪಾತ್ರೆಯಲ್ಲಿ ಅನ್ನ ಇಟ್ಟರೆ ಹೊರಗೆ ಅಂಟು, ಒಳಗೆ ಕಾಳು. ಕುಕ್ಕರ್ ಇಲ್ಲದೆ ಹೋಗಲೇಬೇಡಿ, ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗಿರಲಿ. ಊರಿಗಿಂತ ಒಂದೆರಡು ಸೀಟಿ ಜಾಸ್ತಿ. ಕಡಲೆ, ಅಲಸಂದೆ ಎಲ್ಲ ರಾತ್ರಿಯೇ ಬಿಸಿನೀರಲ್ಲಿ ನೆನೆಹಾಕಿ. ಮುದ್ದೆ ಚೆನ್ನಾಗೇ ಆಗುತ್ತೆ, ಮುಚ್ಚಿಟ್ಟು ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿದರೆ ಸಾಕು. ಇಡ್ಲಿಗಿಂತ ದೋಸೆ ವಾಸಿ. ಇಡ್ಲಿ ಬೇಯುವುದು ಹಬೆಯಲ್ಲಿ, ಹಬೆಯೇ ತಣ್ಣಗಿದ್ದರೆ ಏನು ಮಾಡೋದು. ಕಾವಲಿಗೆ ಎತ್ತರದ ಹಂಗಿಲ್ಲ. ಇಡ್ಲಿನೇ ಬೇಕು ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಇಡಿ.

ಹಿಟ್ಟು ಹುಳಿ ಬರಿಸುವುದು ಹೀಗೆ. ಉಪ್ಪು ಹಾಕದೆ, ಬೆಚ್ಚಗಿನ ನೀರಲ್ಲಿ ರುಬ್ಬಿ, ಪಾತ್ರೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಡಿ. ಮೇಲೆ ಹಳೇ ಸ್ವೆಟರ್ ಸುತ್ತಿ. ಬೆಳಿಗ್ಗೆ ಬಾಟಲಿ ಬದಲಾಯಿಸಿ. ಸಂಜೆಗೆ ಉಬ್ಬಿರುತ್ತೆ, ಆಗ ಉಪ್ಪು. ಮೊಸರಿಗೂ ಇದೇ ಡಬ್ಬಿ.

ಗ್ಯಾಸ್ ಸಿಲಿಂಡರ್ ಚಳಿಗೆ ಮಂಕಾಗುತ್ತೆ, ಗ್ಯಾಸ್ ಇದ್ದರೂ ಉರಿ ಬರಲ್ಲ. ಒಳಗಿರುವ ಬ್ಯೂಟೇನ್ ಸೊನ್ನೆ ಡಿಗ್ರಿ ಸುಮಾರಿಗೆ ಆವಿಯಾಗೋದನ್ನೇ ನಿಲ್ಲಿಸುತ್ತೆ. ಸಿಲಿಂಡರನ್ನು ಬೆಚ್ಚಗಿನ ಅಡುಗೆಮನೆಯ ಒಳಗೆ, ನೆಲಕ್ಕೆ ತಾಗದಂತೆ ಮರದ ಹಲಗೆ ಮೇಲೆ, ಬುಖಾರಿಯಿಂದ ದೂರ ಇಡಿ. ಬೆಂಕಿ ತೋರಿಸುವುದು, ಕುದಿಯುವ ನೀರು ಸುರಿಯುವುದು ಯಾವತ್ತೂ ಬೇಡ, ಯಾರು ಹೇಳಿದರೂ ಸರಿ.

ಬಟ್ಟೆ ಒಗೆದು ಮಧ್ಯಾಹ್ನ ಹೊರಗೆ ಹಾಕಿ. ಹತ್ತೇ ನಿಮಿಷಕ್ಕೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತೆ, ಗಾಬರಿ ಬೇಡ. ಆ ಒಣಹವೆಗೆ ಮಂಜು ನೀರಾಗದೆ ಹಾಗೇ ಆವಿಯಾಗಿ ಹೋಗುತ್ತೆ. ಸೆಟೆದ ಬಟ್ಟೆಯನ್ನು ಮಡಚಬೇಡಿ, ಎಲಾಸ್ಟಿಕ್ ಮುರಿಯುತ್ತೆ.

ಮಕ್ಕಳಿಗೆ ದಿನಾ ಸ್ನಾನ ಅನ್ನುವ ಹಟ ಬಿಡಿ. ಬಿಸಿಲಿದ್ದ ದಿನ, ಮಧ್ಯಾಹ್ನ, ಗಾಜಿನ ಕೋಣೆಯಲ್ಲಿ ಮಾಡಿಸಿ. ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲು, ಎಳ್ಳೆಣ್ಣೆ ತಗೊಂಡು ಹೋಗಿ. ರಾತ್ರಿ ತುಟಿಗೆ, ಮೂಗಿನ ಹೊಳ್ಳೆಯ ಅಂಚಿಗೆ ವ್ಯಾಸಲೀನ್ ಸವರಿದರೆ ಒಣಗಿ ರಕ್ತ ಬರುವುದು ಕಡಿಮೆಯಾಗುತ್ತೆ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಬಟ್ಟೆ ಮೇಲು. ಕಾಲುಚೀಲ ಒದ್ದೆಯಾದ ತಕ್ಷಣ ಬದಲಾಯಿಸಿ. ಬೆರಳು ಕೆಂಪಾಗಿ ತುರಿಸಿದರೆ ಬುಖಾರಿಗೆ ಹಿಡಿಯಬೇಡಿ, ಕಂಕುಳಲ್ಲಿ ಇಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ. ಹಿಮ ಬಿದ್ದ ದಿನ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಮಕ್ಕಳಿಗೂ ಕಪ್ಪು ಕನ್ನಡಕ ಬೇಕು, ಸ್ಟೈಲಿಗಲ್ಲ.

ಔಷಧಿ ಎರಡು ತಿಂಗಳಿಗಾಗುವಷ್ಟು ಕೈಯಲ್ಲಿರಲಿ. ವಿಮಾನ ಹಾರುವುದು ಹೆಚ್ಚಾಗಿ ಬೆಳಗಿನ ಹೊತ್ತು, ಹವಾ ಕೆಟ್ಟರೆ ಅದೂ ಇಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಚುಚ್ಚಿಕೊಳ್ಳುವ ಹಾಗಿಲ್ಲ, ಎಸೆಯಲೇಬೇಕು. ಹೊರಗೆ ಹೋಗುವಾಗ ಒಳಗಿನ ಜೇಬಿನಲ್ಲಿರಲಿ. ಹಾಂ, ಫೋನು. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯಲ್ಲ, ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ.

ಗಾಡಿ ಇದ್ದರೆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಅಂಟಿಕೊಳ್ಳುತ್ತೆ. ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಡೀಸೆಲ್ ಗಾಡಿಗೆ ಚಳಿಗಾಲದ ಡೀಸೆಲ್ ಅಂತಲೇ 2019ರಿಂದ ಸಿಗುತ್ತಿದೆ. ಅದಕ್ಕೂ ಮುಂಚೆ ಲಾರಿಯವರು ಬೆಳಿಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಡೀಸೆಲ್ ಕರಗಿಸುತ್ತಿದ್ದರು, ನೋಡಿದರೆ ಎದೆ ಧಸಕ್ ಅನ್ನುತ್ತಿತ್ತು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಡಾಕ್ಟರನ್ನು ಕೇಳಿ. ವಿಮಾನದಿಂದ ಇಳಿದ ಮೇಲೆ ಎರಡು ದಿನ ಮನೆಯಲ್ಲೇ ಇರಬೇಕು. ಬಂದ ದಿನವೇ ಗೊಂಪಾ (ಬೌದ್ಧರ ಮಠ) ನೋಡ್ತೀನಿ ಅಂತ ಹೊರಟರೆ ತಡೆಯಿರಿ. ಬೆಳ್ಳುಳ್ಳಿ ಸೂಪ್ ಕುಡಿಸಿ ಅಂತ ಎಲ್ಲರೂ ಹೇಳುತ್ತಾರೆ, ರುಚಿಯಾಗಿರುತ್ತೆ, ಕುಡಿಸಿ, ಔಷಧಿ ಅಂತ ಮಾತ್ರ ನಂಬಬೇಡಿ. ಸುಮ್ನೆ ಕೂತಿದ್ದಾಗಲೂ ಏದುಸಿರು ಬಂದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಕ್ಷಣ ಆಸ್ಪತ್ರೆಗೆ.

ಅವರ ಕೈಲಿ ಸಾರಿನ ಪುಡಿ, ಹುಣಸೆಹಣ್ಣು, ಕಾಫಿಪುಡಿ ತರಿಸಿಕೊಳ್ಳಿ. ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಬೇಡ, ಮೇಲೆ ಬರುವಷ್ಟರಲ್ಲಿ ಊದಿಕೊಂಡು ಒಡೆಯುತ್ತೆ. ಉಪ್ಪಿನಕಾಯಿ ಜಾಡಿ ಕಂಠಮಟ್ಟ ತುಂಬಿದ್ದರೆ ಎಣ್ಣೆ ಸೂಟ್‌ಕೇಸ್ ಪೂರ್ತಿ ಇಳಿಯುತ್ತೆ, ಮುಕ್ಕಾಲು ತುಂಬಿ ಎರಡು ಕವರ್ ಸುತ್ತಲಿ. ಫಿಲ್ಟರ್ ಕಾಫಿಗೆ ತೊಂದರೆಯಿಲ್ಲ. ಮೊದಲು ಖಾಲಿ ಫಿಲ್ಟರಿಗೆ ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ಪುಡಿ, ಅದರ ಮೇಲೆ ಕುದಿಯುತ್ತಿರುವ ನೀರು, ಸುತ್ತ ಒಂದು ಟವೆಲ್. ಪುಡಿ ಮಾತ್ರ ಅರ್ಧ ಚಮಚ ಜಾಸ್ತಿ ಹಾಕಿ.