ಹಿತ್ತಾಳೆ ಪಾತ್ರೆಗೆ ಕಲಾಯಿ: ತೊಳೆದ ಮೈಗಷ್ಟೇ ತವರ ಹತ್ತುತ್ತದೆ

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಸಾರು, ಮಜ್ಜಿಗೆಹುಳಿ ಮಾಡುವುದಾದರೆ ಒಳಗೆ ಕಲಾಯಿ, ಅಂದರೆ ತವರದ ತೆಳು ಲೇಪ, ಇರಲೇಬೇಕು. ಇಲ್ಲದಿದ್ದರೆ ಹುಳಿಗೆ ತಾಮ್ರ ಬಿಟ್ಟು ಅಡುಗೆ ಕಿಲುಬಾಗುತ್ತದೆ. ಹೊಟ್ಟೆ ತೊಳಸಿ ವಾಂತಿಯೂ ಆದೀತು.

ಮೊದಲು ತವರ ನೋಡಿಕೊಳ್ಳಿ. ಅಗ್ಗವೆಂದು ಬೆಸುಗೆ ಕಡ್ಡಿ ಬಳಸುವವರಿದ್ದಾರೆ. 60-40 ಕಡ್ಡಿಯಲ್ಲಿ 40 ಪಾಲು ಸೀಸ, ಅಂದರೆ ವಿಷ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕರಕರ ಎನ್ನುತ್ತದೆ. ಸೀಸ ಹೆಚ್ಚು ಬೆರೆತದ್ದು ಸದ್ದು ಮಾಡದು, ಬಿಳಿ ಕಾಗದಕ್ಕೆ ಉಜ್ಜಿದರೆ ಬೂದು ಗೆರೆ ಬೀಳುತ್ತದೆ. ಇದು ಅಂದಾಜಿನ ಪರೀಕ್ಷೆ. ಅಲ್ಪಸ್ವಲ್ಪ ಕಲಬೆರಕೆ ಇದರಲ್ಲಿ ಸಿಕ್ಕಿಬೀಳದು. ಮೂರು ಲೀಟರಿನ ಪಾತ್ರೆಗೆ ಸುಮಾರು 10 ಗ್ರಾಂ ತವರ ಸಾಕು.

ಕೆಲಸದ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಇದೆ. ಕಾಸ್ಟಿಕ್ ಸೋಡಾ ಹಾಕಿದ ನೀರಿನಿಂದ (ಕೈಗವಸು ಬೇಕು) ಜಿಡ್ಡು ತೆಗೆದು, ಹುಣಸೆಹಣ್ಣು, ಉಪ್ಪು, ನಯವಾದ ಮರಳಿನಿಂದ ಲೋಹ ಹೊಳೆಯುವವರೆಗೆ ತಿಕ್ಕಿ. ನೀರು ಸುರಿದಾಗ ಒಳಮೈ ತುಂಬ ಸಮನಾಗಿ ಹರಡಬೇಕು; ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ ಎಂದರ್ಥ. ಆಮೇಲೆ ಒಳಗೆ ಬೆರಳು ತಾಗಿಸಬೇಡಿ. ತೇವ ಪೂರ್ತಿ ಆರಲಿ, ಇಲ್ಲದಿದ್ದರೆ ಕರಗಿದ ತವರ ಸಿಡಿಯುತ್ತದೆ.

ಬಯಲಲ್ಲಿ ಇದ್ದಿಲ ಕೆಂಡದ ಮೇಲೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಕಾಯಿಸಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಡ್ಡಿ ತಾಗಿಸಿದೊಡನೆ ಕರಗಿ ಹರಿದರೆ ಕಾವು ಸರಿಯಿದೆ. ಚಿಟಿಕೆ ನವಸಾಗರ (ಅಮೋನಿಯಂ ಕ್ಲೋರೈಡ್ ಪುಡಿ) ಉದುರಿಸಿ, ಹತ್ತಿಯುಂಡೆಯಿಂದ ತವರವನ್ನು ತಳದಿಂದ ಅಂಚಿನವರೆಗೆ ಒರೆಸಿ. ಕಾದ ಲೋಹದ ಮೇಲೆ ಕಟ್ಟುವ ತೆಳುಪೊರೆಯನ್ನು ನವಸಾಗರ ತಿಂದುಹಾಕುವುದರಿಂದಲೇ ತವರ ಅಂಟುತ್ತದೆ. ಅದರ ಬಿಳಿ ಹೊಗೆ ಗಂಟಲು ಕೆರೆಸುತ್ತದೆ, ಗಾಳಿ ಬರುವ ಕಡೆ ನಿಲ್ಲಿ. ಕಾವು ಕಡಿಮೆಯಾದರೆ ತವರ ಗಂಟುಕಟ್ಟುತ್ತದೆ. ಹೆಚ್ಚಾದರೆ ಹಳದಿಗೆ ತಿರುಗಿ ಕಪ್ಪಿಡುತ್ತದೆ, ಆಗ ಮತ್ತೆ ತೊಳೆಯುವುದರಿಂದಲೇ ಶುರು. ಬೆಳ್ಳಗೆ ಸಮನಾಗಿ ಕೂತ ಮೇಲೆ ಪಾತ್ರೆಯನ್ನು ತಣ್ಣೀರಿಗೆ ಅದ್ದಿ. ಮೊದಲ ಸಲ ನೀರು ಕುದಿಸಿ ಚೆಲ್ಲಿಬಿಡಿ.

ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಗೆ ಇಡಬಾರದು. ಒಗ್ಗರಣೆಯೂ ಬೇಡ, ಕಾದೆಣ್ಣೆ 232 ಡಿಗ್ರಿ ಮುಟ್ಟಿದರೆ ಲೇಪ ಕರಗಿ ಜಾರುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟು ಇದ್ದೇ ಇದೆಯಲ್ಲ! ಸ್ಟೀಲ್ ಜುಂಗಿನ ಬದಲು ತೆಂಗಿನ ನಾರಿನಿಂದ ತಿಕ್ಕಿ. ಒಳಗೆ ಹಳದಿ ಅಥವಾ ಕೆಂಪು ಮಚ್ಚೆ ಕಂಡರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಹುಳಿ ಪದಾರ್ಥ ಮಾಡಬೇಡಿ.